ಹುಲ್ಲಿನ ಬುಡದಲ್ಲಿ ಯಾರಿದ್ದಾರೆ? ಗಾಲ್ಫ್ ಮೈದಾನದ ಕೀಟಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಾಲ್ಫ್ ಮೈದಾನದ ಹುಲ್ಲುಹಾಸಿಗೆ ಋತುಋತುವಿಗೆ ಬರುವ ಕೀಟಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುಪಾಲು ಪತ್ರಗಳು ‘ಯಾವ ಔಷಧಿ ಹೊಡೆಯಲಿ?’ ಎಂದು ಮುಗಿಯುತ್ತವೆ. ನಮ್ಮ ಉತ್ತರಗಳು ಬಹುಪಾಲು ‘ಮೊದಲು ಎಣಿಸಿ’ ಎಂದು ಶುರುವಾಗುತ್ತವೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಫೇರ್‌ವೇಯಲ್ಲಿ (ಚೆಂಡು ಸಾಗುವ ಮುಖ್ಯ ಹಾದಿಯ ಹುಲ್ಲುಹಾಸು) ಅಲ್ಲಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿದೆ. ನೀರು ಕೊಟ್ಟರೂ ಹಸಿರಾಗುತ್ತಿಲ್ಲ. ಶಿಲೀಂಧ್ರನಾಶಕ ಹೊಡೆದದ್ದೂ ಆಯಿತು. ಈಗ ಕಾಗೆಗಳು ಗುಂಪಾಗಿ ಬಂದು ಹುಲ್ಲನ್ನು ಕಿತ್ತುಹಾಕುತ್ತಿವೆ. ಅವುಗಳನ್ನು ಓಡಿಸಲು ಏನು ಮಾಡಬೇಕು?

ಉತ್ತರ: ಕಾಗೆಗಳು ನಿಮಗಿಂತ ಮೊದಲೇ ರೋಗ ಪತ್ತೆ ಮಾಡಿವೆ. ಓಡಿಸುವ ಮುಂಚೆ ಅವು ಹೆಕ್ಕುತ್ತಿರುವುದೇನು ಎಂದು ನೋಡಿ. ಕಂದು ಮಚ್ಚೆಯ ಅಂಚಿನಲ್ಲಿ, ಅಂದರೆ ಹಸಿರು ಮತ್ತು ಒಣಗಿದ ಹುಲ್ಲು ಸೇರುವ ಕಡೆ, ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಚಾಪೆ ಸುತ್ತಿದಂತೆ ಸಲೀಸಾಗಿ ಎದ್ದು ಬಂದರೆ ಬೇರು ಹೋಗಿದೆ ಎಂದರ್ಥ, ಮತ್ತು ಬೇರು ತಿಂದವರು ಹೆಚ್ಚಾಗಿ ಗೊಣ್ಣೆ ಹುಳುಗಳು, ಅಂದರೆ ಮಣ್ಣಿನಲ್ಲಿರುವ ದುಂಬಿಯ ಮರಿಹುಳುಗಳು. ಮಚ್ಚೆಯ ನಡುವೆ ಅಗೆಯಬೇಡಿ. ಅಲ್ಲಿ ಊಟ ಮುಗಿದಿರುತ್ತದೆ, ಹುಳುಗಳು ಅಂಚಿಗೆ ಸರಿದಿರುತ್ತವೆ.

ಎಣಿಸಲು ಗ್ರೀನ್‌ನಲ್ಲಿ, ಅಂದರೆ ಬಾವುಟದ ಕುಳಿ ಇರುವ ಗಿಡ್ಡ ಹುಲ್ಲಿನ ಅಂಗಳದಲ್ಲಿ, ಕುಳಿ ತೆಗೆಯುವ ಕಪ್ ಕಟರ್ ಸಾಕು. 108 ಮಿ.ಮೀ. ವ್ಯಾಸದ ಕಟರ್ ತೆಗೆಯುವ ತುಂಡು ಸುಮಾರು 92 ಚದರ ಸೆಂ.ಮೀ., ಹೆಚ್ಚುಕಡಿಮೆ ಒಂದು ಚದರ ಅಡಿಯ ಹತ್ತನೇ ಒಂದು ಭಾಗ. 7–8 ಸೆಂ.ಮೀ. ಆಳಕ್ಕೆ ತುಂಡು ತೆಗೆದು, ತಟ್ಟೆಯ ಮೇಲೆ ಬೇರು ಬಿಡಿಸಿ, ಹುಳು ಎಣಿಸಿ, ತುಂಡನ್ನು ಕುಳಿಗೆ ಹಿಂದಿರುಗಿಸಿ ತುಳಿದು ನೀರು ಹಾಕಿ. ಫೇರ್‌ವೇಯ ಉದ್ದಕ್ಕೂ 15–20 ಮೀಟರ್ ಅಂತರದಲ್ಲಿ, ಎರಡು ಮೂರು ಸಾಲುಗಳಲ್ಲಿ ಹೀಗೆ ಮಾಡಿ. ನೆಲ ತೀರ ಒಣಗಿದ್ದರೆ ಅಥವಾ ತಣ್ಣಗಿದ್ದರೆ ಹುಳುಗಳು ಆಳಕ್ಕೆ ಇಳಿದಿರುತ್ತವೆ. ಹಿಂದಿನ ದಿನ ನೀರು ಕೊಟ್ಟು ನೋಡುವುದು ಒಳ್ಳೆಯದು.

ಸರಾಸರಿ ತೆಗೆಯುವಾಗ ಒಂದು ಎಚ್ಚರ ಬೇಕು. 20 ತುಂಡುಗಳಲ್ಲಿ 14 ಹುಳು ಸಿಕ್ಕರೆ ಚದರ ಅಡಿಗೆ 7 ಎಂಬ ಲೆಕ್ಕ ಬರುತ್ತದೆ, ಅಷ್ಟೇನೂ ಗಾಬರಿಯ ಸಂಖ್ಯೆಯಲ್ಲ. ಆದರೆ ಆ 14ರಲ್ಲಿ 11 ಹುಳು ಒಂದೇ ಜಾಗದ 3 ತುಂಡುಗಳಲ್ಲಿ ಇದ್ದವು ಎನ್ನಿ. ಆ ಜಾಗದಲ್ಲಿ ಚದರ ಅಡಿಗೆ 37 ಹುಳು, ಉಳಿದ ಕಡೆ 2ಕ್ಕಿಂತ ಕಡಿಮೆ. ಇಡೀ ಫೇರ್‌ವೇಗೆ ಔಷಧಿ ಸುರಿಯುವುದೂ ತಪ್ಪು, ಏನೂ ಮಾಡದಿರುವುದೂ ತಪ್ಪು. ಗೊಣ್ಣೆ ಹುಳು ಯಾವತ್ತೂ ಗುಂಪುಗುಂಪಾಗಿಯೇ ಇರುತ್ತದೆ. ಆದ್ದರಿಂದ ಒಟ್ಟು ಮೊತ್ತಕ್ಕಿಂತ ಪ್ರತಿ ಕುಳಿಯ ಸಂಖ್ಯೆಯನ್ನು ನಕ್ಷೆಯ ಮೇಲೆ ಬರೆದಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಷ್ಟಿದ್ದರೆ ಹೆಚ್ಚು ಎಂಬುದು ಜಾತಿಯ ಮೇಲೆ ನಿಂತಿದೆ. ಹುಳುವನ್ನು ಮಗುಚಿ, ಬಾಲದ ತುದಿಯ ಅಡಿಭಾಗದ ಮುಳ್ಳುಗೂದಲನ್ನು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ ಕಂಡರೆ ಜಪಾನಿ ದುಂಬಿ. ಜಿಪ್‌ನಂತೆ ಎರಡು ಸಮಾನಾಂತರ ಸಾಲು ಕಂಡರೆ ಮೇ–ಜೂನ್ ದುಂಬಿಗಳ ಗುಂಪು. ಯಾವ ವಿನ್ಯಾಸವೂ ಇಲ್ಲದೆ ಚೆದುರಿದ್ದರೆ ಮಾಸ್ಕ್ಡ್ ಚೇಫರ್ ಎಂಬ ದುಂಬಿ ಇರಬಹುದು. ಜಪಾನಿ ದುಂಬಿ, ಚೇಫರ್‌ಗಳಿಗೆ ಚದರ ಅಡಿಗೆ 8–10 ಎಂಬುದು ರೂಢಿಯ ಮಿತಿ. ಮೇ–ಜೂನ್ ದುಂಬಿಯ ಹುಳುಗಳು ದೊಡ್ಡವು, 3–5 ಇದ್ದರೇ ಹಾನಿ ಕಾಣುತ್ತದೆ. ಬೆಳೆದರೂ ಅಕ್ಕಿಕಾಳಿನಷ್ಟೇ ಇರುವ ಅಟೇನಿಯಸ್ ಎಂಬ ಪುಟ್ಟ ದುಂಬಿಯ ಹುಳುಗಳಾದರೆ 30–50 ಇದ್ದರೂ ಹುಲ್ಲು ಬಾಳುತ್ತದೆ. ಚೆನ್ನಾಗಿ ನೀರು ಕಾಣುವ, ಆಳಕ್ಕೆ ಬೇರುಬಿಟ್ಟ ಹುಲ್ಲು ಈ ಅಂಕಿಗಳ ಇಮ್ಮಡಿಯನ್ನೂ ಸಹಿಸಬಲ್ಲದು. ಕಾಗೆ, ಹಂದಿ ಬಂದು ಕೆದಕಲು ಶುರುಮಾಡಿದರೆ ಮಾತ್ರ ಮಿತಿಯ ಲೆಕ್ಕ ಕೆಲಸಕ್ಕೆ ಬಾರದು. ಹುಳು ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಅವು ಒಂದು ರಾತ್ರಿಯಲ್ಲಿ ಮಾಡುತ್ತವೆ.

ಪ್ರಶ್ನೆ: ಸೋಪಿನ ನೀರು ಹಾಕಿ ಹುಳು ನೋಡುವುದು ಹೇಗೆ? ನಾವು ಮಾಡಿದಾಗ ಒಂದೂ ಹುಳು ಬರಲಿಲ್ಲ, ಹುಲ್ಲು ಮಾತ್ರ ಸುಟ್ಟಿತು.

ಉತ್ತರ: ಪಾತ್ರೆ ತೊಳೆಯುವ ದ್ರವಸೋಪು 30 ಮಿ.ಲೀ., ನೀರು 4 ಲೀಟರ್. ನಿಂಬೆ ಪರಿಮಳದ್ದಾದರೆ ಒಳ್ಳೆಯದು. ಪಾತ್ರೆ ತೊಳೆಯುವ ಯಂತ್ರದ ಪುಡಿ, ಜಿಡ್ಡು ತೆಗೆಯುವ ತೀಕ್ಷ್ಣ ದ್ರಾವಣ ಬೇಡ. ಒಂದು ಚದರ ಮೀಟರ್ ಗುರುತು ಮಾಡಿ, ಹೂಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಸಮನಾಗಿ ಸುರಿದು, ಗಡಿಯಾರ ನೋಡಿಕೊಂಡು 10 ನಿಮಿಷ ಕಾಯಿರಿ. ಸೋಪು ಹುಳುಗಳ ಮೈಯನ್ನು ಕೆರಳಿಸುತ್ತದೆ, ತಾಳಲಾರದೆ ಅವು ಮೇಲೆ ಬರುತ್ತವೆ. ದೊಡ್ಡ ಹುಳುಗಳು ಎರಡು ಮೂರು ನಿಮಿಷದಲ್ಲೇ ಹೊರಬೀಳುತ್ತವೆ. ಸಣ್ಣವು ನಿಧಾನ, ಬಗ್ಗಿ ನೋಡದಿದ್ದರೆ ಕಣ್ಣಿಗೂ ಬೀಳವು.

ಹುಲ್ಲು ಸುಟ್ಟದ್ದು ಬಹುಶಃ ಸುಡುಬಿಸಿಲಿನಲ್ಲಿ ಮಾಡಿದ್ದರಿಂದ. ಬೆಳಿಗ್ಗೆ ಬೇಗ ಅಥವಾ ಸಂಜೆ ಮಾಡಿ, ಎಣಿಕೆ ಮುಗಿದ ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ. ಹುಳು ಬಾರದಿರಲು ಎರಡು ಕಾರಣ ಇರಬಹುದು. ನೆಲ ಒಣಗಿದ್ದರೆ ದ್ರಾವಣ ಬಿಲಗಳೊಳಗೆ ಇಳಿಯುವುದಿಲ್ಲ, ಮೊದಲು ನೆನೆಸಬೇಕು. ಎರಡನೆಯದು, ನೀವು ಹುಡುಕುತ್ತಿದ್ದದ್ದು ಗೊಣ್ಣೆ ಹುಳುವಾಗಿದ್ದರೆ ಈ ಪರೀಕ್ಷೆ ಅದಕ್ಕಲ್ಲ. ಸೋಪಿಗೆ ಎದ್ದು ಬರುವವರು ಕತ್ತರಿ ಹುಳು, ಬಲೆ ಕಟ್ಟುವ ಹುಳು, ಸೈನಿಕ ಹುಳು, ಮೋಲ್ ಕ್ರಿಕೆಟ್, ಮೂತಿಹುಳುಗಳ ಪ್ರೌಢ ಕೀಟಗಳು. ಮಣ್ಣಿನೊಳಗಿನ ಗೊಣ್ಣೆ ಹುಳು ಜಪ್ಪಯ್ಯ ಅಂದರೂ ಅಲ್ಲಾಡದು, ಅದಕ್ಕೆ ಕಪ್ ಕಟರ್ ಒಂದೇ ದಾರಿ. ರಸ ಹೀರುವ ಚಿಂಚ್ ತಿಗಣೆಗೆ ಇನ್ನೊಂದು ಉಪಾಯವಿದೆ. ಎರಡೂ ತುದಿ ಕತ್ತರಿಸಿದ ಡಬ್ಬಿಯನ್ನು ಮಚ್ಚೆಯ ಅಂಚಿನಲ್ಲಿ ನೆಲಕ್ಕೆ ಒತ್ತಿ, ನೀರು ತುಂಬಿ 5–10 ನಿಮಿಷ ಕಾಯಿರಿ, ನೀರು ಇಳಿದಂತೆಲ್ಲ ಮತ್ತೆ ತುಂಬಿ. ತಿಗಣೆಗಳು ತೇಲುತ್ತವೆ.

ಪ್ರಶ್ನೆ: ಗ್ರೀನ್‌ನಲ್ಲಿ ದಿನಾ ಬೆಳಿಗ್ಗೆ ಹೊಸ ಗುಳಿಗಳು. ಗಾಳಿಯಾಡಲು ತೆಗೆದ ರಂಧ್ರಗಳ ಸುತ್ತ ಹುಲ್ಲನ್ನು ಯಾರೋ ಬೋಳಿಸಿದಂತಿದೆ. ಬೆಳಿಗ್ಗೆ ಔಷಧಿ ಹೊಡೆದು, ಸಂಜೆ ನೀರು ಬಿಟ್ಟೆವು. ವಾರದೊಳಗೆ ಮತ್ತೆ ಅದೇ ಕಥೆ.

ಉತ್ತರ: ಇದು ಕತ್ತರಿ ಹುಳು, ಗಾಲ್ಫ್ ವಲಯದಲ್ಲಿ ಬ್ಲ್ಯಾಕ್ ಕಟ್‌ವರ್ಮ್ ಎಂದೇ ಪರಿಚಿತ. ಹಗಲು ಆ ರಂಧ್ರದಲ್ಲೇ ಅಡಗಿದ್ದು, ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಹೊರಬಂದು ಸುತ್ತಲಿನ ಎಲೆ ಕತ್ತರಿಸಿ ತಿನ್ನುತ್ತದೆ. ನೀವು ಬಾಡಿಗೆ ಇಲ್ಲದ ಮನೆ ಕಟ್ಟಿಕೊಟ್ಟಂತಾಗಿದೆ. ರಂಧ್ರ ತೆಗೆದ ಮೇಲೆ ಮರಳನ್ನು ಬಾಯಿಮಟ್ಟ ತುಂಬಿ ಉಜ್ಜಿದರೆ ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ.

ನಿಮ್ಮ ಸಿಂಪಡಣೆಯಲ್ಲಿ ಎರಡು ಎಡವಟ್ಟು ಆಗಿವೆ. ಬೆಳಿಗ್ಗೆ ಹೊಡೆದ ಔಷಧಿ ರಾತ್ರಿಯವರೆಗೆ ಬಿಸಿಲಿಗೆ ಸಿಕ್ಕಿತು, ಉಳಿದದ್ದನ್ನು ಸಂಜೆಯ ನೀರು ಎಲೆಯಿಂದ ತೊಳೆಯಿತು. ಎಲೆ ತಿನ್ನುವ ಹುಳುವಿಗೆ ಔಷಧಿ ಎಲೆಯ ಮೇಲೇ ಇರಬೇಕು. ಆದ್ದರಿಂದ ಹುಲ್ಲು ಕತ್ತರಿಸಿ, ನೀರಿನ ಕೆಲಸ ಮುಗಿಸಿ, ಇಳಿಹೊತ್ತಿನಲ್ಲಿ ಸಿಂಪಡಿಸಿ. ಆಮೇಲೆ 24 ಗಂಟೆ ನೀರೂ ಬೇಡ, ಕತ್ತರಿಸುವುದೂ ಬೇಡ.

‘ಮತ್ತೆ ಅದೇ ಕಥೆ’ಗೆ ಕಾರಣ ಗ್ರೀನ್‌ನ ಆಚೆ ಇದೆ. ಹೆಣ್ಣು ಪತಂಗ ಹುಲ್ಲಿನ ಎಲೆತುದಿಯಲ್ಲಿ ಬಿಡಿಬಿಡಿಯಾಗಿ ಮೊಟ್ಟೆ ಇಡುತ್ತದೆ. ಗ್ರೀನ್‌ನಲ್ಲಿ ದಿನವೂ ಕತ್ತರಿಸುವುದರಿಂದ ಅಲ್ಲಿನ ಬಹುಪಾಲು ಮೊಟ್ಟೆಗಳು ಕತ್ತರಿಸಿದ ಹುಲ್ಲಿನ ಜೊತೆ ಡಬ್ಬಿ ಸೇರುತ್ತವೆ. ಆದರೆ ಮೊಟ್ಟೆಗಳು ಸತ್ತಿರುವುದಿಲ್ಲ. ಆ ಹುಲ್ಲನ್ನು ಗ್ರೀನ್‌ನ ಪಕ್ಕದಲ್ಲೇ ಉದುರಿಸಿದರೆ ಅಲ್ಲಿ ಒಡೆದು ಮರಿಯಾಗುತ್ತವೆ. ಸುತ್ತಲಿನ ಎತ್ತರದ ಹುಲ್ಲಿನಲ್ಲಿ ಬೆಳೆದ ಹುಳು ಒಂದೇ ರಾತ್ರಿಯಲ್ಲಿ 20 ಮೀಟರ್‌ವರೆಗೆ ತೆವಳಿ ಗ್ರೀನ್ ಸೇರಬಲ್ಲದು. ಹಾಗಾಗಿ ಕತ್ತರಿಸಿದ ಹುಲ್ಲನ್ನು ದೂರ ಸಾಗಿಸಿ, ಸಿಂಪಡಣೆ ಗ್ರೀನ್‌ನ ಅಂಚಿಗೆ ನಿಲ್ಲದೆ ಸುತ್ತ 10 ಮೀಟರ್ ಪಟ್ಟಿಗೂ ಹರಡಲಿ. ಹೊಸದಾಗಿ ಹುಲ್ಲು ಹಾಕುವವರಿಗೆ ಇನ್ನೊಂದು ಮಾತು: ತಂಪು ಹವೆಯಲ್ಲಿ ಬೆಳೆಯುವ ಕೆಂಟಕಿ ಬ್ಲೂಗ್ರಾಸ್ ಈ ಹುಳುವಿಗೆ ಒಗ್ಗುವುದಿಲ್ಲ. ಗ್ರೀನ್ ಸುತ್ತ ಅದನ್ನು ಬೆಳೆಸಿದರೆ ಹೊರಗಿನಿಂದ ಬರುವ ಹುಳುಗಳ ಸಂಖ್ಯೆಯೇ ತಗ್ಗುತ್ತದೆ.

ಹುಳು ಚಿಕ್ಕದಿದ್ದಾಗ ಬಿಟಿ ಸೂಕ್ಷ್ಮಾಣುವಿನ ಪುಡಿಯೂ ಕೆಲಸ ಮಾಡುತ್ತದೆ. ಒಂದೂವರೆ ಅಂಗುಲ ಬೆಳೆದ ಹುಳುವಿಗೆ ಅದನ್ನು ಹೊಡೆದು ಕಾಯುವುದು ವ್ಯರ್ಥ.

ಪ್ರಶ್ನೆ: ಮೈದಾನದ ಸುತ್ತ ದುಂಬಿ ಹಿಡಿಯುವ ಬಲೆಗಳನ್ನು ನೇತುಹಾಕಿದರೆ ಗೊಣ್ಣೆ ಹುಳು ಕಡಿಮೆಯಾಗುತ್ತದೆಯೆ?

ಉತ್ತರ: ಇಲ್ಲ. ಜಪಾನಿ ದುಂಬಿಯ ಬಲೆ ತಾನು ಹಿಡಿಯುವುದಕ್ಕಿಂತ ಹೆಚ್ಚು ದುಂಬಿಗಳನ್ನು ಸುತ್ತಮುತ್ತಲಿಂದ ಕರೆಸಿಕೊಳ್ಳುತ್ತದೆ. ಒಳಗೆ ಬೀಳದವು ನಿಮ್ಮ ಹುಲ್ಲಿನಲ್ಲೇ ಮೊಟ್ಟೆ ಇಡುತ್ತವೆ. ದೀಪದ ಬಲೆ, ಮೋಹಕ ಬಲೆಗಳನ್ನು ಗಡಿಯಾರದಂತೆ ಬಳಸಿ. ಹಾರಾಟ ಯಾವಾಗ ಶುರುವಾಯಿತು, ಯಾವಾಗ ಉತ್ತುಂಗಕ್ಕೇರಿತು ಎಂದು ತಿಳಿಯಲು ಒಂದೆರಡು ಸಾಕು, ಅದೂ ಗ್ರೀನ್‌ಗಳಿಂದ ದೂರದಲ್ಲಿ. ಗಂಡು ಪತಂಗಗಳು ಬಲೆಗೆ ಜೋರಾಗಿ ಬೀಳತೊಡಗಿದ ಎರಡು ಮೂರು ವಾರಕ್ಕೆ ಸೋಪಿನ ಪರೀಕ್ಷೆ ಚುರುಕುಗೊಳಿಸಿ.

ಪ್ರಶ್ನೆ: ಗೊಣ್ಣೆ ಹುಳುವಿಗೆ ಇಮಿಡಾಕ್ಲೋಪ್ರಿಡ್ ಹಾಕಿದೆವು, ಒಂದು ಹುಳುವೂ ಸಾಯಲಿಲ್ಲ. ಔಷಧಿ ನಕಲಿಯೆ?

ಉತ್ತರ: ನಕಲಿ ಇರಬಹುದು, ಆದರೆ ಮೊದಲು ಉಳಿದ ಅನುಮಾನಗಳನ್ನು ತೀರಿಸಿಕೊಳ್ಳೋಣ. ನೀವು ಯಾವಾಗ ಹಾಕಿದಿರಿ ಎಂದು ಬರೆದಿಲ್ಲ. ಹುಲ್ಲು ಕಂದಾದ ಮೇಲೆ ಹಾಕಿದ್ದರೆ ಉತ್ತರ ಅಲ್ಲೇ ಇದೆ.

ಗೊಣ್ಣೆ ಹುಳು ಮೊಟ್ಟೆಯಿಂದ ಹೊರಬಂದ ಮೇಲೆ ಎರಡು ಸಲ ಪೊರೆ ಕಳಚಿ ಮೂರು ಹಂತ ದಾಟುತ್ತದೆ. ಕಣ್ಣಿಗೆ ಕಾಣುವ ಹಾನಿ ಹೆಚ್ಚಾಗಿ ಮೂರನೇ ಹಂತದ ದಪ್ಪ ಹುಳುವಿನದು. ಇಮಿಡಾಕ್ಲೋಪ್ರಿಡ್ ಸಾಯಿಸುವುದು ಮೊದಲ ಹಂತದ ಎಳೆಮರಿಗಳನ್ನು. ಆದ್ದರಿಂದ ದುಂಬಿಗಳು ಮೊಟ್ಟೆ ಇಡುವ ದಿನಗಳಲ್ಲೇ ಅದು ಬೇರಿನ ವಲಯದಲ್ಲಿರಬೇಕು. ಕ್ಲೋರಾಂಟ್ರಾನಿಲಿಪ್ರೋಲ್ ಇನ್ನೂ ನಿಧಾನಿ. ನೀರಿನಲ್ಲಿ ಕಷ್ಟಪಟ್ಟು ಕರಗುತ್ತದೆ, ಮಣ್ಣಿಗಿಳಿಯಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಅದನ್ನು ಮೊಟ್ಟೆಯಿಡುವ ಕಾಲಕ್ಕೆ ಒಂದೆರಡು ತಿಂಗಳ ಮುಂಚೆಯೇ ಹಾಕುತ್ತಾರೆ. ಚಳಿಗಾಲವಿರುವ ನಾಡುಗಳಲ್ಲಿ ಇದು ವಸಂತದ ಕೆಲಸ. ಬೇಸಿಗೆ ಕಳೆದು ಮಳೆ ಬೀಳುವ ಪ್ರದೇಶಗಳಲ್ಲಿ ಮೊದಲ ಹದಮಳೆಯ ಹಿಂದೆಯೇ ಮುಸ್ಸಂಜೆ ದುಂಬಿಗಳು ನೆಲದಿಂದೇಳುತ್ತವೆ, ಲೆಕ್ಕ ಅಲ್ಲಿಂದ ಹಿಂದಕ್ಕೆ.

ದಪ್ಪ ಹುಳು ಬಂದೇಬಿಟ್ಟಿದ್ದರೆ ಟ್ರೈಕ್ಲೋರ್‌ಫಾನ್‌ನಂತಹ ಬೇಗ ಕೊಲ್ಲುವ ಔಷಧಿಯೇ ಬೇಕು. ಅದು ಎಲ್ಲ ದೇಶಗಳಲ್ಲಿ ಬಳಕೆಗಿಲ್ಲ, ಹಲವೆಡೆ ನಿಷೇಧಿತ. ನಿಮ್ಮಲ್ಲಿ ಹುಲ್ಲುಹಾಸಿಗೆ ಅನುಮತಿ ಇದೆಯೇ ಎಂದು ಲೇಬಲ್ ನೋಡದೆ ಮುಟ್ಟಬೇಡಿ. ಅನುಮತಿ ಇರುವ ಕಡೆಯೂ ಇದರಲ್ಲಿ ಒಂದು ಗುಟ್ಟಿದೆ: ಕ್ಷಾರದ ನೀರಿನಲ್ಲಿ ಇದು ಬಲು ಬೇಗ ಒಡೆದುಹೋಗುತ್ತದೆ. ನೀರಿನ ಪಿಎಚ್ 8 ಇದ್ದರೆ ಸುಮಾರು ಒಂದು ಗಂಟೆಯಲ್ಲಿ ಅರ್ಧ ಶಕ್ತಿ ಹೋಗಿರುತ್ತದೆ. ಟ್ಯಾಂಕಿಗೆ ಕಲಸಿಟ್ಟು ಊಟಕ್ಕೆ ಹೋಗಿ ಬಂದವರು ‘ಔಷಧಿ ಕೆಲಸ ಮಾಡಲಿಲ್ಲ’ ಎನ್ನುವುದು ಇದಕ್ಕೇ. ಪಿಎಚ್ ಅಳೆಯಿರಿ, 7ಕ್ಕಿಂತ ಕೆಳಗಿಳಿಸುವ ಬಫರ್ ಮೊದಲು ಹಾಕಿ, ಆಮೇಲೆ ಔಷಧಿ ಬೆರೆಸಿ, ಕೂಡಲೇ ಸಿಂಪಡಿಸಿ.

ಇನ್ನು ನೀರು. ಕತ್ತರಿ ಹುಳುವಿಗೆ ಹೇಳಿದ್ದರ ತದ್ವಿರುದ್ಧ ಇಲ್ಲಿನ ನಿಯಮ. ಔಷಧಿ ಎಲೆಯ ಮೇಲೆ ಒಣಗುವ ಮುಂಚೆ, ತಡವೆಂದರೆ 24 ಗಂಟೆಯೊಳಗೆ 6–12 ಮಿ.ಮೀ. ನೀರು ಕೊಟ್ಟು ಬೇರಿಗೆ ಇಳಿಸಬೇಕು. ಚದರ ಮೀಟರಿಗೆ 6–12 ಲೀಟರ್ ಎಂದಾಯಿತು. ತುಂತುರು ಯಂತ್ರ ಎಷ್ಟು ನಿಮಿಷಕ್ಕೆ ಅಷ್ಟು ಬೀಳಿಸುತ್ತದೆ ಎಂಬುದನ್ನು ನೇರ ಗೋಡೆಯ ನಾಲ್ಕೈದು ಡಬ್ಬಿ ಇಟ್ಟು ಅಳತೆಪಟ್ಟಿಯಲ್ಲಿ ಅಳೆಯಿರಿ, ಅಂದಾಜು ಬೇಡ. ಹುಲ್ಲಿನ ಬುಡದಲ್ಲಿ ಕೊಳೆಯದೆ ಕೂತ ನಾರಿನ ಪದರ, ಅಂದರೆ ಥ್ಯಾಚ್, 12 ಮಿ.ಮೀ. ದಾಟಿದ್ದರೆ ಅದು ಔಷಧಿಯನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಕಡೆ ಯಾವ ಔಷಧಿ ತಂದರೂ ಇದೇ ದೂರು ಇರುತ್ತದೆ. ಮೊದಲು ಥ್ಯಾಚ್ ತೆಗೆಯಿರಿ.

ಇಮಿಡಾಕ್ಲೋಪ್ರಿಡ್ ಜೇನುನೊಣಗಳಿಗೆ ವಿಷ. ಹುಲ್ಲಿನ ನಡುವೆ ಕ್ಲೋವರ್ ಹೂಬಿಟ್ಟಿದ್ದರೆ ಸಿಂಪಡಿಸುವ ಮುಂಚೆ ಹೂಗಳನ್ನು ಕತ್ತರಿಸಿ ತೆಗೆಯಿರಿ.

ಪ್ರಶ್ನೆ: ಬೆಳಿಗ್ಗೆ ಗ್ರೀನ್ ತುಂಬ ಮಣ್ಣಿನ ಪುಟ್ಟ ಗುಪ್ಪೆಗಳು. ಯಾವ ಕೀಟ?

ಉತ್ತರ: ಕೀಟವಲ್ಲ, ಎರೆಹುಳು. ಗುಪ್ಪೆ ಒಣಗಿದ ಮೇಲೆ ಕೋಲಿನಿಂದ ಸವರಿ ಚದುರಿಸಿ, ಅಷ್ಟು ಸಾಕು. ಹಸಿಯಿದ್ದಾಗ ಕತ್ತರಿಸುವ ಯಂತ್ರ ಓಡಿಸಿದರೆ ಕೆಸರು ಮೆತ್ತಿ ಹುಲ್ಲು ಉಸಿರುಗಟ್ಟುತ್ತದೆ.

ಪ್ರಶ್ನೆ: ರಾಸಾಯನಿಕ ಬೇಡವೆಂದು ಕೀಟ ಕೊಲ್ಲುವ ನೆಮಟೋಡ್ (ಅತಿ ಸಣ್ಣ ದುಂಡುಹುಳು) ತಂದು ಸಿಂಪಡಿಸಿದೆವು. ಫಲ ಸೊನ್ನೆ. ಎಲ್ಲಿ ತಪ್ಪಾಯಿತು?

ಉತ್ತರ: ನೆಮಟೋಡ್‌ಗಳು ಜೀವಂತ ಪ್ರಾಣಿಗಳು. ಪುಡಿಯಂತೆ ಕಂಡರೂ ಔಷಧಿಯಂತೆ ನಡೆಸಿಕೊಂಡರೆ ಸಾಯುತ್ತವೆ. ಮೊದಲ ಪ್ರಶ್ನೆ, ಪೊಟ್ಟಣದಲ್ಲಿದ್ದಾಗಲೇ ಬದುಕಿದ್ದವೆ? ಒಂದು ಚಿಟಿಕೆಯನ್ನು ಕೋಣೆಯಷ್ಟೇ ಉಷ್ಣತೆಯ ನೀರಿಗೆ ಹಾಕಿ, ಅರ್ಧ ಗಂಟೆಯ ನಂತರ ಭೂತಗನ್ನಡಿಯಲ್ಲಿ ನೋಡಿ. ಹಾವಿನಂತೆ ಬಳುಕಿದರೆ ಸರಿ. ಸೂಜಿಯಂತೆ ನೆಟ್ಟಗೆ ಬಿದ್ದಿದ್ದರೆ ಸತ್ತಿವೆ.

ಎರಡನೆಯದು, ಜಾತಿ ಹೊಂದಿತ್ತೆ? ಹೆಟೆರೊರಾಬ್ಡೈಟಿಸ್ ಬ್ಯಾಕ್ಟೀರಿಯೊಫೋರಾ ಮಣ್ಣಿನಲ್ಲಿ ಓಡಾಡಿ ಬೇಟೆ ಹುಡುಕುತ್ತದೆ, ಗೊಣ್ಣೆ ಹುಳುವಿಗೆ ಅದೇ ಸರಿ. ಸ್ಟೈನರ್‌ನೀಮಾ ಕಾರ್ಪೊಕ್ಯಾಪ್ಸೆ ಮೇಲ್ಮಣ್ಣಿನಲ್ಲೇ ಹೊಂಚುಹಾಕಿ ಕೂರುತ್ತದೆ. ಕತ್ತರಿ ಹುಳು, ಬಲೆ ಕಟ್ಟುವ ಹುಳುಗಳಿಗೆ ಚೆನ್ನ, ಆಳದ ಗೊಣ್ಣೆ ಹುಳುವಿಗೆ ದಂಡ. ಪ್ರಮಾಣ ಹೆಕ್ಟೇರಿಗೆ ಸುಮಾರು 250 ಕೋಟಿ, ಅಂದರೆ ಚದರ ಮೀಟರಿಗೆ 2.5 ಲಕ್ಷ. 5 ಕೋಟಿಯ ಪೊಟ್ಟಣ 200 ಚದರ ಮೀಟರಿಗೆ ಮಾತ್ರ. ಉಳಿತಾಯಕ್ಕೆಂದು ಒಂದೇ ಪೊಟ್ಟಣವನ್ನು ಇಡೀ ಗ್ರೀನ್‌ಗೆ ಹರಡಿದ್ದರೆ ಫಲ ಸೊನ್ನೆಯಾಗದೆ ಇನ್ನೇನು?

ಸಿಂಪಡಿಸುವಾಗ ನಾಝಲ್‌ನ ಸಣ್ಣ ಜಾಲರಿಗಳನ್ನು ತೆಗೆದಿಡಿ. 50 ಮೆಶ್‌ಗಿಂತ (ಅಂಗುಲಕ್ಕೆ 50 ಕಣ್ಣು) ನಯವಾದ ಜರಡಿಯಲ್ಲಿ ಅವು ಸಿಕ್ಕಿಕೊಳ್ಳುತ್ತವೆ. ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತವೆ, ಕದಡುತ್ತಲೇ ಇರಬೇಕು. ಟ್ಯಾಂಕಿನ ನೀರು 30 ಡಿಗ್ರಿ ಮೀರದಿರಲಿ, ಮಣ್ಣು 15 ಡಿಗ್ರಿಗಿಂತ ಬೆಚ್ಚಗಿರಲಿ. ಬಿಸಿಲು ತಾಗಿದರೆ ನಿಮಿಷಗಳಲ್ಲಿ ಸಾಯುತ್ತವೆ, ಆದ್ದರಿಂದ ಮುಸ್ಸಂಜೆಗೆ ಹೊಡೆದು, ಎಲೆ ಒಣಗುವ ಮುಂಚೆ ನೀರು ಕೊಟ್ಟು ಮಣ್ಣಿಗಿಳಿಸಿ. ಎರಡು ವಾರ ನೆಲ ತೇವವಾಗಿರಬೇಕು, ಜವುಗಾಗಬಾರದು. ವಾರದ ನಂತರ ಅಗೆದು ನೋಡಿ. ಗೊಣ್ಣೆ ಹುಳುಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಹೆಟೆರೊರಾಬ್ಡೈಟಿಸ್ ಕೆಲಸ ಮಾಡಿದೆ.

ಪ್ರಶ್ನೆ: ಬಾವುಟದ ಕಂಬದ ಮೇಲೆ ಬೂದುಬಣ್ಣದ ನಯವಾದ ಹತ್ತಿಯಂಥ ತೇಪೆಗಳು ಅಂಟಿವೆ. ಶಿಲೀಂಧ್ರವೆ?

ಉತ್ತರ: ಫಾಲ್ ಸೈನಿಕ ಹುಳುವಿನ ಮೊಟ್ಟೆರಾಶಿ, ತಾಯಿ ಪತಂಗದ ಮೈರೋಮ ಹೊದೆದದ್ದು. ಕಂಬ, ಬೇಲಿ, ಬೆಂಚು ಎಲ್ಲೆಂದರಲ್ಲಿ ಇಡುತ್ತದೆ. ಒರೆಸಿ ತೆಗೆದು, ಸೋಪಿನ ನೀರಿಗೆ ಹಾಕಿ. ಮುಂದಿನ ಎರಡು ವಾರ ಸೋಪಿನ ಪರೀಕ್ಷೆ ಬಿಡಬೇಡಿ. ಹಣೆಯಲ್ಲಿ ತಲೆಕೆಳಗಾದ ‘ವೈ’ ಗುರುತು, ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಚುಕ್ಕಿ ಇದ್ದರೆ ಅದೇ. ಎಳೆಯದಿದ್ದಾಗ ಹಿಡಿಯಿರಿ, ತಿನ್ನುವುದರ ಬಹುಪಾಲನ್ನು ಅದು ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ನೆಲೆಯೂರಿದ ಬರ್ಮುಡಾ ಹುಲ್ಲು ತಿಂದುಹಾಕಿದ ಮೇಲೂ ಚಿಗುರುತ್ತದೆ, ಹೊಸದಾಗಿ ಹಾಸಿದ್ದು ಚಿಗುರದು.

ಪ್ರಶ್ನೆ: ತಿಂಗಳುವಾರು ಸಿಂಪಡಣೆಯ ಕ್ಯಾಲೆಂಡರ್ ಒಂದನ್ನು ದಯವಿಟ್ಟು ಪ್ರಕಟಿಸಿ.

ಉತ್ತರ: ಪ್ರಕಟಿಸುವುದಿಲ್ಲ. ಕೀಟಕ್ಕೆ ತಾರೀಖು ಗೊತ್ತಿಲ್ಲ, ಬಿಸಿ ಗೊತ್ತು. ದಿನದ ಗರಿಷ್ಠ, ಕನಿಷ್ಠ ಉಷ್ಣತೆಯ ಸರಾಸರಿಯಿಂದ 10 ಕಳೆಯಿರಿ. ಗರಿಷ್ಠ 30, ಕನಿಷ್ಠ 18 ಆದರೆ ಸರಾಸರಿ 24, ಆ ದಿನದ ಗಳಿಕೆ 14. ಸರಾಸರಿ 10ಕ್ಕಿಂತ ಕಡಿಮೆಯಾದ ದಿನ ಸೊನ್ನೆ. ಇದನ್ನು ಕೂಡುತ್ತ ಹೋಗಿ, ಮೊದಲ ಪತಂಗ, ಮೊದಲ ದುಂಬಿ, ಮೊದಲ ಮರಿಹುಳು ಕಂಡ ದಿನ ಮೊತ್ತ ಎಷ್ಟಿತ್ತೆಂದು ಬರೆದಿಡಿ. ಮೂರು ವರ್ಷದ ಬರಹ ಸೇರಿದರೆ ಯಾರ ಕ್ಯಾಲೆಂಡರೂ ಬೇಡ.

ಗಿಡಗಳೂ ಗಡಿಯಾರವೇ. ಅಮೆರಿಕದ ಈಶಾನ್ಯ ಭಾಗದ ಮೈದಾನಗಳನ್ನು ಕಾಡುವ ಆನ್ಯುವಲ್ ಬ್ಲೂಗ್ರಾಸ್ ಮೂತಿಹುಳು ಚಳಿಗಾಲವನ್ನು ಮರಗಳಡಿಯ ತರಗಿನಲ್ಲಿ ಕಳೆದು, ವಸಂತದಲ್ಲಿ ಗಿಡ್ಡ ಹುಲ್ಲಿಗೆ ನಡೆದು ಬರುತ್ತದೆ. ಅಲ್ಲಿನವರು ಫೋರ್ಸಿಥಿಯಾ ಪೊದೆಯ ಹಳದಿ ಹೂ ಅರ್ಧ ಉದುರಿ ಅರ್ಧ ಹಸಿರಾದಾಗ ಪ್ರೌಢ ಕೀಟಗಳ ಸಂಖ್ಯೆ ಗರಿಷ್ಠಕ್ಕೇರಿದೆ ಎಂದು ಅಳೆಯುತ್ತಾರೆ. ಅದೇ ಕೀಟದಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ವರ್ಷಕ್ಕೆ ಹಲವು ಸಲ ಪೈರೆಥ್ರಾಯ್ಡ್ ಹೊಡೆದ ಮೈದಾನಗಳಲ್ಲಿ ಆ ಗುಂಪಿನ ಔಷಧಿಗೆ ಬಗ್ಗದ ಮೂತಿಹುಳುಗಳೇ ಉಳಿದುಕೊಂಡವು. ಲೇಬಲ್‌ನಲ್ಲಿ ಗುಂಪಿನ ಸಂಖ್ಯೆ ಇರುತ್ತದೆ: ಪೈರೆಥ್ರಾಯ್ಡ್ 3ಎ, ಇಮಿಡಾಕ್ಲೋಪ್ರಿಡ್ 4ಎ, ಕ್ಲೋರಾಂಟ್ರಾನಿಲಿಪ್ರೋಲ್ 28. ವ್ಯಾಪಾರದ ಹೆಸರು ಬದಲಿಸಿದರೆ ಸಾಲದು, ಒಂದು ಪೀಳಿಗೆಗೆ ಬಳಸಿದ ಸಂಖ್ಯೆಯನ್ನು ಮುಂದಿನ ಪೀಳಿಗೆಗೆ ಬಳಸಬೇಡಿ.

ಪ್ರತಿ ಸಿಂಪಡಣೆಯಲ್ಲೂ 1 ಮೀಟರ್ ಅಗಲ, 2 ಮೀಟರ್ ಉದ್ದದ ಪ್ಲೈವುಡ್ ಹಲಗೆಯೊಂದನ್ನು ನೆಲಕ್ಕೆ ಮಲಗಿಸಿ, ಔಷಧಿ ಒಣಗಿದ ಕೂಡಲೇ ಎತ್ತಿ, ಜಾಗ ಗುರುತಿಸಿ. ಗೊಣ್ಣೆ ಹುಳುವಿನ ಔಷಧಿಯಾದರೆ ನೀರು ಬಿಡುವ ಮುಂಚೆಯೇ ಎತ್ತಿ. ಮೂರು ವಾರದ ನಂತರ ಹಲಗೆಯಡಿಯ ಜಾಗವನ್ನೂ ಸಿಂಪಡಿಸಿದ ಜಾಗವನ್ನೂ ಎಣಿಸಿ ನೋಡಿ. ಎರಡೂ ಕಡೆ ಹುಳು ಸೊನ್ನೆಯಾಗಿದ್ದರೆ, ಆ ಸಿಂಪಡಣೆ ಬೇಕೇ ಇರಲಿಲ್ಲ.